ಹೈಬ್ರಿಡ್ ಕಾರು ನಿಲ್ಲೋ ಹೊತ್ತಿಗೆ ಸಣ್ಣಗೆ ಜಗ್ಗತ್ತೆ, ವಾರ್ನಿಂಗ್ ಲೈಟ್ ಏನೂ ಇಲ್ಲ, ಏನಿರಬಹುದು?

ಗೇರ್‌ಬಾಕ್ಸ್ ಹೋಯ್ತು ಅಂತ ಈಗ್ಲೇ ಗಾಬರಿ ಬೇಡ. ಜರ್ಕ್ ಯಾವಾಗ ಬರತ್ತೆ ಅಂತ ಸರಿಯಾಗಿ ಗಮನಿಸಿದ್ರೆ ಅರ್ಧ ಕೆಲಸ ಆದಂಗೆ. ಬ್ರೇಕ್ ಒತ್ತಿ ಸ್ಪೀಡ್ ಸುಮಾರು 10 ಕಿ.ಮೀ. ಆಸುಪಾಸಿಗೆ ಇಳಿದಾಗ ಬರ್ತಿದ್ರೆ ಅದು ಹೆಚ್ಚಾಗಿ ರೀಜೆನ್ (ಮೋಟರ್‌ನಿಂದ್ಲೇ ಆಗೋ ಬ್ರೇಕಿಂಗ್) ಬಿಟ್ಟು ಮಾಮೂಲಿ ಬ್ರೇಕ್ ಹಿಡಿಯೋ ಹೊತ್ತು, ಅಂದ್ರೆ ಅಲ್ಲಿ ತನಕ ಮೋಟರ್ರೇ ಜನರೇಟರ್ ಆಗಿ ಕಾರನ್ನ ಹಿಡಿದಿರತ್ತೆ, ಆಮೇಲೆ ಪ್ಯಾಡ್‌ಗಳು ಆ ಕೆಲಸ ತಗೋಬೇಕು, ಡಿಸ್ಕ್ ಮೇಲೆ ತುಕ್ಕು ಕೂತಿದ್ರೆ ಅದು ನುಣ್ಣಗೆ ಆಗಲ್ಲ, ಒಂಚೂರು ಎಳೆದಂಗೆ ಗೊತ್ತಾಗತ್ತೆ. ಹೈಬ್ರಿಡ್‌ನಲ್ಲಿ ಪ್ಯಾಡ್‌ಗೆ ಕೆಲಸ ಕಮ್ಮಿ ಅಲ್ವಾ, ಅದಕ್ಕೇ ತುಕ್ಕು ಉಜ್ಜಿ ಹೋಗಲ್ಲ.

ಚೆಕ್ ಮಾಡೋಕೆ ಒಂದು ಸುಲಭ ದಾರಿ: ಯಾರೂ ಇಲ್ಲದ ಖಾಲಿ ಜಾಗದಲ್ಲಿ ನಿಧಾನಕ್ಕೆ ಹೋಗ್ತಾ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿ. ಸುಮಾರು ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ ರೀಜೆನ್ ಇರಲ್ಲ. ಜರ್ಕ್ ಮಾಯ ಆದ್ರೆ ಅನುಮಾನ ರೀಜೆನ್ ಮೇಲೆ, ಆಗ್ಲೂ ಬಂದ್ರೆ ಡಿಸ್ಕ್, ಕ್ಯಾಲಿಪರ್, ಸಸ್ಪೆನ್ಷನ್ ಬುಷ್ ನೋಡ್ಸಿ.

ಇಂಜಿನ್ ಆನ್ ಆಗೋ ಅಥವಾ ಆಫ್ ಆಗೋ ಕ್ಷಣಕ್ಕೇ ಬರ್ತಿದ್ರೆ ಮಾತ್ರ ಕಥೆ ಬೇರೆ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದೋ ಸಾಧನ) ಹಾಕಿ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಲೈವ್ ಡೇಟಾ ನೋಡ್ಸಿ, ಆರ್‌ಪಿಎಂ ಸೊನ್ನೆಯಿಂದ ಎದ್ದಾಗ್ಲೇ ಜಗ್ಗಿದ್ರೆ ಇಂಜಿನ್ ಮೌಂಟ್ ಇಲ್ಲಾ ಇಂಜಿನ್ನಿಗೂ ಟ್ರಾನ್ಸ್‌ಮಿಷನ್ನಿಗೂ ನಡುವೆ ಅದುರು ತಡೆಯೋ ಡ್ಯಾಂಪರ್ ಕಾರಣ ಇರಬಹುದು, ಬೆಳಿಗ್ಗೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಮಾತ್ರ ಗಡಗಡ ಅಂದ್ರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರೀದೇ ಇರೋದು) ಇರಬಹುದು. ಮಿಸ್‌ಫೈರ್ ಜೊತೆ ಕೂಲೆಂಟ್ ಕೂಡ ಕಮ್ಮಿ ಆಗ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿರಬಹುದು, ಅದನ್ನ ಮುಂದೂಡ್ಬೇಡಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನಂತೂ ಮುಟ್ಲೇಬೇಡಿ, ಹೈ ವೋಲ್ಟೇಜ್ ಅದು.