ಹೊಸ ರೇಡಿಯೊ ಬೇಡ, ಮೊದಲು ಗೊರಗೊರ ಎಲ್ಲಿಂದ ಬರ್ತಿದೆ ನೋಡಿ

ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಶಾರ್ಟ್‌ವೇವ್ (ದೂರದ ದೇಶಗಳ ಸ್ಟೇಷನ್ ಹಿಡಿಯುವ ರೇಡಿಯೊ ಬ್ಯಾಂಡ್) ಹಾಕಿದರೆ ಬರೀ ಗೊರಗೊರ, ಬಿಬಿಸಿ ಎಲ್ಲೋ ಹಿಂದೆ ಗೊಣಗಿದ ಹಾಗೆ ಕೇಳುತ್ತೆ, ದುಬಾರಿ ಸೆಟ್ ಕೊಳ್ಳಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಆ ಸದ್ದು ಬಹುಮಟ್ಟಿಗೆ ನಿಮ್ಮ ಮನೆಯದೇ ಇರುತ್ತೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ವೈಫೈ ಅಡಾಪ್ಟರ್ ಎಲ್ಲವೂ ಶಾರ್ಟ್‌ವೇವ್ ಮೇಲೆ ಕಸ ಎರಚುತ್ತವೆ. ರೇಡಿಯೊಗೆ ಸೆಲ್ ಹಾಕಿ, ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಐದು ನಿಮಿಷ ಆಫ್ ಮಾಡಿ ಕೇಳಿ. ಸದ್ದು ನಿಂತರೆ ಕಳ್ಳ ಒಳಗೇ ಇದ್ದಾನೆ. ಒಂದೊಂದೇ ಪ್ಲಗ್ ಹಾಕುತ್ತಾ ಹಿಡಿಯಿರಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಅಲ್ಲಿಯವರೆಗೆ ವಾರಗಟ್ಟಲೆ ಪಕ್ಕದ ಮನೆಯವರನ್ನು ಬೈದುಕೊಂಡಿದ್ದೆ!

ಆಮೇಲೆ ಏರಿಯಲ್. ಕಾಂಕ್ರೀಟಿನೊಳಗಿನ ಕಬ್ಬಿಣ ಸಿಗ್ನಲ್ ತಡೆಯುತ್ತೆ, ರೇಡಿಯೊ ಕಿಟಕಿ ಹತ್ತಿರ ಇಡಿ. 7-8 ಮೀಟರ್ ಮಾಮೂಲಿ ವೈರನ್ನು ಬಾಲ್ಕನಿಯಲ್ಲಿ ಎಳೆದು ಕಟ್ಟಿ, ಒಂದು ತುದಿ ಸುಲಿದು ರೇಡಿಯೊದ ಏರಿಯಲ್ ಕಡ್ಡಿಗೆ ಕ್ಲಿಪ್ ಹಾಕಿ. ಕರೆಂಟ್ ತಂತಿಯ ಹತ್ತಿರ ಬೇಡವೇ ಬೇಡ. ಗುಡುಗು ಶುರುವಾಗುವ ಮುಂಚೆಯೇ ಕಳಚಿಡಿ. ವೈರು ತೀರಾ ಉದ್ದವಾದರೆ ಚಿಕ್ಕ ಸೆಟ್ಟಿನಲ್ಲಿ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುತ್ತವೆ.

ಹೊತ್ತೂ ಮುಖ್ಯ. ಮಧ್ಯಾಹ್ನ 19 ಅಥವಾ 16 ಮೀಟರ್ ಬ್ಯಾಂಡ್ (ತರಂಗದ ಉದ್ದದ ಮೇಲೆ ಹೆಸರಿಟ್ಟ ಶಾರ್ಟ್‌ವೇವ್ ಪಟ್ಟಿಗಳು), ಕತ್ತಲಾದ ಮೇಲೆ 31, 41, 49. ಬಿಬಿಸಿ ಹಿಂದಿ ಹುಡುಕುತ್ತಿದ್ದರೆ ಬಿಟ್ಟುಬಿಡಿ, ಅದರ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲೇ ನಿಂತಿತು.

ಏನೂ ಆಗದಿದ್ದರೆ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಅಂದರೆ ಇಂಟರ್ನೆಟ್ಟಿಗೆ ಜೋಡಿಸಿಟ್ಟ ರೇಡಿಯೊ ರಿಸೀವರನ್ನು, ಬ್ರೌಸರಿನಲ್ಲೇ ತಿರುಗಿಸಬಹುದು. ನನಗಂತೂ ಅದು ಊಟದ ಫೋಟೊ ನೋಡಿದ ಹಾಗೆ.