ಬದುವಿನ ಮೇಲೆ ಬಿಟ್ಟ ಮರಿಗಳು

(ಕಂಪ್ಲಿ ಬಳಿಯ ಹೊಳೆದಂಡೆಯ ಭತ್ತದ ರೈತರೊಬ್ಬರ ಪತ್ರದ ಸಾರ ಇಷ್ಟು: ದೀಪಾವಳಿಗೆ ಮುಂಚೆ ಮೇಲಿನ ಸೀಮೆಯಲ್ಲಿ ಮಳೆಯಾಗಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರು. ಬೆಳಗಾಗುವುದರೊಳಗೆ ಹೊಳೆ ಗದ್ದೆಗೆ ಬಂತು. ನೀರು ಇಳಿದ ಮೇಲೆ ಪಂಪ್‌ಸೆಟ್ಟಿನ ಪಕ್ಕ ಎರಡು ನೀರುನಾಯಿ ಮರಿಗಳು ಸಿಕ್ಕವು. ಮಗ ಬುಟ್ಟಿಯಲ್ಲಿ ಮನೆಗೆ ತಂದ. ಹಸುವಿನ ಹಾಲು ಇಟ್ಟರೆ ಮುಟ್ಟಲಿಲ್ಲ. ಅವ್ವ ಬೈದದ್ದಕ್ಕೆ ಸಂಜೆ ಅದೇ ಜಾಗದ ಬದುವಿನ ಮೇಲೆ ಬಿಟ್ಟು ಬಂದರು. ಬೆಳಗ್ಗೆ ಮರಿಗಳಿಲ್ಲ. "ತಾಯಿ ಒಯ್ತೋ, ಊರ ನಾಯಿ ತಿಂದ್ವೋ? ನೀರಾಗ ಬದುಕೋ ಪ್ರಾಣಿಗೂ ಪ್ರವಾಹದ ಕಾಟ ಐತೇನ್ರಿ? ದಂಡಿಗೆ ಕಲ್ಲಿನ ತಡೆಗೋಡೆ ಕಟ್ಟಿಸಿದ್ರ ಅವಕ್ಕೂ ನಮಗೂ ಚಲೋ ಅಲ್ಲೇನು?" ಕೊನೆಯಲ್ಲಿ ಮೊಮ್ಮಗಳದೊಂದು ಪ್ರಶ್ನೆ: ನೀರುನಾಯಿ ನೀರಲ್ಲಿ ಮುಳುಗುತ್ತದೆಯೇ?)

ಮಾನ್ಯರೇ,

ನಿಮ್ಮ ಪತ್ರದ ಎರಡನೇ ಹಾಳೆಯ ಅಂಚಿನಲ್ಲಿ, ಬರೆದು ಮುಗಿಸಿದ ಮೇಲೆ ನೆನಪಾಗಿ ಸೇರಿಸಿದಂತೆ ಎರಡು ಸಾಲುಗಳಿವೆ. ಬದುವಿನ ಕೆಸರಲ್ಲಿ "ಬಾತುಕೋಳಿ ಹೆಜ್ಜೆಯಂಥ" ಗುರುತು ಇದ್ದವು, ಎಣಿಸಿದರೆ ಐದು ಬೆರಳು. ರಾತ್ರಿ ಹೊಳೆ ಕಡೆಯಿಂದ ಸಿಳ್ಳೆ ಕೇಳಿಸಿತೆಂದು ಅವ್ವ ಹೇಳಿದರು, ನೀವು ನಂಬಲಿಲ್ಲ. ನಾನು ನಂಬುತ್ತೇನೆ. ನಾಯಿಯ ಹೆಜ್ಜೆಯಲ್ಲಿ ಮೂಡುವುದು ನಾಲ್ಕೇ ಬೆರಳು. ನೀರುನಾಯಿಯದು ಐದು, ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಪೊರೆ. ಗುಂಪಿನಿಂದ ತಪ್ಪಿದವರನ್ನು ಕರೆಯಲು ಅವು ಸಿಳ್ಳೆ ಹಾಕಿದಂತೆ ಸಣ್ಣಗೆ ಕೂಗುತ್ತವೆ. ನಾಯಿಗಳು ನುಗ್ಗಿದ್ದರೆ ಬದುವೆಲ್ಲ ಕೆದರಿರುತ್ತಿತ್ತು, ರೋಮವಾದರೂ ಉಳಿದಿರುತ್ತಿತ್ತು. ನಾನು ಅಲ್ಲಿರಲಿಲ್ಲ, ನಿಜ. ಆದರೆ ಪಂಚಾಯ್ತಿಗೆ ಕೂರಿಸಿದರೆ ನನ್ನ ತೀರ್ಪು ತಾಯಿಯ ಕಡೆಗೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಮನೆಯಲ್ಲಿ ಅವರೊಬ್ಬರೇ ಸರಿಯಾದ ಕೆಲಸ ಮಾಡಿಸಿದ್ದು.

ಇನ್ನು ಪ್ರವಾಹದ ಮಾತು. ನೀವು ಇರುವ ಜಾಗ ಸಾಮಾನ್ಯದ್ದಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿರುವುದು ನುಣುಪು ಮೈಯ ನೀರುನಾಯಿ, ಕುಟುಂಬ ಕಟ್ಟಿಕೊಂಡು ಬದುಕುವ ಜಾತಿ. ಈ ಹೊಳೆ ಕಾಲಕಾಲಕ್ಕೆ ಉಕ್ಕಿದೆ, ಇವೂ ಅದರೊಟ್ಟಿಗೇ ಬದುಕಿಕೊಂಡು ಬಂದಿವೆ. ಹಾಗಾಗಿ "ಪ್ರವಾಹ ಬಂತು, ಪ್ರಾಣಿ ಸತ್ತವು" ಎಂಬ ನೇರ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕೇಳಬೇಕಾದ್ದು ನೀರು ಯಾವ ತಿಂಗಳಲ್ಲಿ ಬಂತು, ಎಷ್ಟು ಹೊತ್ತಿನಲ್ಲಿ ಏರಿತು, ಏರಿದಾಗ ಪ್ರಾಣಿಗೆ ಹತ್ತಿ ಕೂರಲು ದಂಡೆ ಇತ್ತೇ ಎಂದು.

ನಮ್ಮ ಕಡೆ ಈ ನೀರುನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಮಳೆಗಾಲ ತಗ್ಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ. ಹೊಳೆ ಇಳಿದಿರುತ್ತದೆ, ಮೀನು ಮಡುಗಳಲ್ಲಿ ಸೇರಿರುತ್ತದೆ, ಬಂಡೆ ಸಂದಿಯ ಬಿಲ ಒಣಗಿರುತ್ತದೆ. ಆಗಸ್ಟಿನ ಪ್ರವಾಹ ಬರುವ ಹೊತ್ತಿಗೆ ಹಿಂದಿನ ವರ್ಷದ ಮರಿಗಳು ಈಜು ಬಲ್ಲ ಪೋರರಾಗಿರುತ್ತವೆ. 2019ರ ಆಗಸ್ಟಿನಲ್ಲಿ ಅಣೆಕಟ್ಟೆಯಿಂದ ಎರಡು ಲಕ್ಷ ಕ್ಯುಸೆಕ್‌ಗೂ ಮಿಕ್ಕಿ ನೀರು ಬಂದು, ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತಲ್ಲ, ನೀರು ಇಳಿದ ಮೇಲೆ ನಾನು ಆನೆಗೊಂದಿಗೆ ಹೋಗಿದ್ದೆ. ಹರಿಗೋಲಿನವರೊಬ್ಬರು ಒಂದು ಚಪ್ಪಟೆ ಬಂಡೆ ತೋರಿಸಿದರು. ನೀರುನಾಯಿಗಳು ಅಲ್ಲೇ ಹಿಕ್ಕೆ ಹಾಕುತ್ತಿದ್ದವಂತೆ. ಆ ಹಿಕ್ಕೆಯೇ ಅವುಗಳ ಗಡಿಕಲ್ಲು, ಅದರ ವಾಸನೆಯೇ ಪಹಣಿ. ಪ್ರವಾಹ ಅದನ್ನೆಲ್ಲ ತೊಳೆದು ಬಂಡೆಯನ್ನು ಬೋಳು ಮಾಡಿತ್ತು. ಮೂರನೇ ದಿನ ಮತ್ತೆ ಹೋದಾಗ ಅದೇ ಬಂಡೆಯ ನೆತ್ತಿಯ ಮೇಲೆ ಹೊಸ ಹಿಕ್ಕೆ: ಕಪ್ಪಗೆ, ಅಂಟಂಟು, ತುಂಬ ಮೀನಿನ ಪೊರೆ, ಬಿಸಿಲಿಗೆ ಅಭ್ರಕದ ಚೂರಿನಂತೆ ಮಿನುಗುತ್ತಿತ್ತು. ನಾರುವ ವಸ್ತು ನೋಡಿ ಅಷ್ಟು ಖುಷಿಪಟ್ಟದ್ದು ನನಗೆ ಬೇರೆ ನೆನಪಿಲ್ಲ.

ಆದರೆ ನಿಮ್ಮ ಗದ್ದೆಗೆ ನೀರು ಬಂದದ್ದು ಅಕ್ಟೋಬರಿನಲ್ಲಿ. ವ್ಯತ್ಯಾಸ ಇರುವುದು ಇಲ್ಲೇ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿ, ಕೆಳಗೆ ಮಂತ್ರಾಲಯದ ಮಠದೊಳಗೂ ನುಗ್ಗಿದ ನೀರು ಇಂಥದೇ ತಡವಾದ ನೀರು. ಜಲಾಶಯ ತುಂಬಿ ಕೂತಿರುವಾಗ ಹಿಂಗಾರು ಮಳೆ ಸುರಿದರೆ ಹಿಡಿದಿಡಲು ಜಾಗವಿಲ್ಲ, ಬಿಡಲೇಬೇಕು. ಅದೇ ಹೊತ್ತಿಗೆ ಬಿಲದೊಳಗೆ ಕಣ್ಣು ಬಿಡದ ಮರಿಗಳು.

ಜೊತೆಗೆ ನೀರು ಏರುವ ವೇಗ. ನಿಮ್ಮ ಅವ್ವನನ್ನೇ ಕೇಳಿ, ಅಣೆಕಟ್ಟೆ ಇಲ್ಲದ ಹಳ್ಳಗಳಲ್ಲಿ ಹೊಸನೀರು ಹೇಗೆ ಬರುತ್ತದೆಂದು. ಮೊದಲು ಬಣ್ಣ ಕೆಂಪಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ. ಪ್ರಾಣಿಗಳಿಗೆ ಅದೇ ಸೂಚನೆ. ಗೇಟು ಎತ್ತಿದಾಗ ಇದ್ಯಾವುದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ಗೊತ್ತೇ ಇದೆ. ಒತ್ತಡ ಇಳಿಸಲು ಮಿಕ್ಕ ಗೇಟುಗಳನ್ನೂ ತೆರೆಯಬೇಕಾಯಿತು. ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿದರು, ಮೈಕಿನಲ್ಲಿ ಕೂಗಿಸಿದರು. ಬಿಲಕ್ಕೆ ಹೋಗಿ ಹೇಳುವವರು ಯಾರು?

ಕೆಸರು ನೀರಲ್ಲಿ ಇನ್ನೂ ಒಂದು ತಾಪತ್ರಯ. ಮೀನು ಹಿಡಿಯಲು ನೀರುನಾಯಿಗೆ ಕಣ್ಣು ಬೇಕು, ಮೀಸೆಯೂ ಬೇಕು. ಸೆಳವು ಜೋರಾದರೆ ಮೀನೂ ನಡುಹೊಳೆ ಬಿಟ್ಟು ಅಂಚಿಗೆ, ಕಾಲುವೆಗೆ, ಗದ್ದೆಗೆ ಸರಿಯುತ್ತದೆ. ಅದರ ಬೆನ್ನಿಗೆ ನೀರುನಾಯಿ. ನಿಮ್ಮ ಪಂಪ್‌ಸೆಟ್ಟಿನ ಪಕ್ಕ ಮರಿ ಕಂಡದ್ದು ಹೀಗೆಯೇ ಇರಬೇಕು. ಮುಳುಗುತ್ತಿದ್ದ ಬಿಲದಿಂದ ತಾಯಿ ಒಂದೊಂದಾಗಿ ಕಚ್ಚಿ ತಂದು ಒಣ ನೆಲ ಕಂಡಲ್ಲಿ ಇಟ್ಟಿರುತ್ತದೆ.

ಬೇರೆ ಪ್ರಾಣಿಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. 2019ರಲ್ಲೇ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಮಾಡಿನ ಮೇಲೆ ಮೊಸಳೆಯೊಂದು ಬಾಯಿ ತೆರೆದು ಕೂತಿದ್ದ ವಿಡಿಯೋ ನೋಡಿ ಎಲ್ಲರೂ ನಕ್ಕರು. ಮೊಸಳೆಗೂ ಸೆಳವಿನಿಂದ ಹೊರಬಂದು ದಣಿವಾರಿಸಿಕೊಳ್ಳಲು ಒಂದು ಜಾಗ ಬೇಕಿತ್ತು, ಅಷ್ಟೆ. ಅಸ್ಸಾಮಿನ ಕಾಜಿರಂಗಾದಲ್ಲಿ ಬ್ರಹ್ಮಪುತ್ರ ಉಕ್ಕದಿದ್ದರೆ ಹುಲ್ಲುಗಾವಲೇ ಉಳಿಯುವುದಿಲ್ಲ, ಕೆರೆಗಳಲ್ಲಿ ಜಲಕಳೆ ಕಟ್ಟಿಕೊಳ್ಳುತ್ತದೆ. ಆದರೂ 2017ರ ಪ್ರವಾಹದಲ್ಲಿ ಅಲ್ಲಿ ಸತ್ತ ಪ್ರಾಣಿಗಳು ಮುನ್ನೂರಕ್ಕೂ ಹೆಚ್ಚು. ನೀರು ಬಂದಾಗ ಅವು ಓಡುವುದು ದಕ್ಷಿಣದ ಕಾರ್ಬಿ ಬೆಟ್ಟಗಳಿಗೆ, ನಡುವೆ ಹೆದ್ದಾರಿ. ಪ್ರವಾಹದ ದಿನಗಳಲ್ಲಿ ಅಲ್ಲಿ ವಾಹನಗಳಿಗೆ ವೇಗದ ಮಿತಿ ಹಾಕುತ್ತಾರೆ, ಹೊರಟ ಸಮಯ ಬರೆದ ಚೀಟಿ ಕೊಟ್ಟು ಆ ತುದಿಯಲ್ಲಿ ತಾಳೆ ನೋಡುತ್ತಾರೆ. ಬೇಸಿಗೆಯ ಅಕಾಲದ ನೀರು ಇನ್ನೊಂದು ಬಗೆ: ಮರಳ ದಿಬ್ಬದ ಮೇಲೆ ಮೊಟ್ಟೆಯಿಟ್ಟ ರೀವ ಹಕ್ಕಿಗೆ ಒಂದು ಅಡಿ ನೀರು ಏರಿದರೂ ಆ ವರ್ಷದ ಸಂಸಾರ ಮುಗಿಯಿತು.

ಈಗ ನಿಮ್ಮ ತಡೆಗೋಡೆ. ಬೇಸರ ಮಾಡಿಕೊಳ್ಳಬೇಡಿ, ನನಗೆ ಅದು ಹಿಡಿಸಲಿಲ್ಲ. ನಿಮ್ಮ ಮಣ್ಣು ಕೊಚ್ಚಿಹೋಗುವ ನೋವು ಸುಳ್ಳೆಂದು ಹೇಳುತ್ತಿಲ್ಲ. ಆದರೆ ನೀರುನಾಯಿ ಬಿಲ ಮಾಡುವುದು ಬಂಡೆಗಳ ಸಂದಿಯಲ್ಲಿ, ಹೊಳೆಮತ್ತಿ ಬೇರಿನ ಪೊಟರೆಯಲ್ಲಿ, ಜೊಂಡಿನ ಮರೆಯಲ್ಲಿ. ಗೋಡೆ ಇವೆಲ್ಲವನ್ನೂ ಒಂದೇ ಏಟಿಗೆ ಮುಚ್ಚುತ್ತದೆ. ತೇಲಿಬಂದ ಮರಿಗೆ ಹತ್ತಲು ಇಳಿಜಾರೂ ಇರುವುದಿಲ್ಲ. ನಿಮ್ಮ ಕಡೆ ತಡೆದ ನೀರು ಎದುರು ದಂಡೆಯವರ ಗದ್ದೆ ಕೊರೆಯುತ್ತದೆ. ಮುಂದಿನ ವರ್ಷ ಅವರೂ ಗೋಡೆಗೆ ಅರ್ಜಿ ಹಾಕುತ್ತಾರೆ. ಭತ್ತವನ್ನು ನೀರಿನಂಚಿನ ತನಕ ನಾಟಿ ಮಾಡುವ ಬದಲು ಹೊಳೆ ಕಡೆಯ ಎರಡು ಮೂರು ಮಾರು ಜಾಗವನ್ನು ಹೊಳೆಮತ್ತಿಗೂ ಹೊಂಗೆಗೂ ಬಿಟ್ಟು ನೋಡಿ. ಮಣ್ಣನ್ನು ಬೇರು ಹಿಡಿಯುತ್ತದೆ. ಎಷ್ಟು ಚೀಲ ಭತ್ತ ಕಡಿಮೆಯಾಯಿತೆಂದು ನೀವು ಕೇಳಿದರೆ, ಆ ಮಾತಿನಲ್ಲಿ ನ್ಯಾಯವಿದೆ. ಮೀಸಲು ಎಂದು ಘೋಷಿಸಿದವರು ಆ ಚೀಲಗಳ ಲೆಕ್ಕವನ್ನೂ ಕೊಡಬೇಕು.

ಮುಂದೆ ಎಂದಾದರೂ ಮರಿ ಕಂಡರೆ ಮುಟ್ಟಬೇಡಿ, ನಾಯಿಗಳನ್ನು ಕಟ್ಟಿಹಾಕಿ, ದೂರ ನಿಂತು ರಾತ್ರಿ ಕಳೆಯಲು ಬಿಡಿ. ತಾಯಿ ಬರದಿದ್ದರೆ, ಇಲ್ಲವೇ ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಸುವಿನ ಹಾಲು ಅವಕ್ಕೆ ಒಗ್ಗದು, ಕುಡಿಯದಿದ್ದದ್ದೇ ಪುಣ್ಯ. 2022ರ ತಿದ್ದುಪಡಿಯ ನಂತರ ಈ ನೀರುನಾಯಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಸಾಕುತ್ತೇನೆಂದು ಇಟ್ಟುಕೊಂಡರೆ ಕೇಸು ಬೀಳುತ್ತದೆ, ಮಗನಿಗೆ ಹೇಳಿ.

ಮೊಮ್ಮಗಳ ಪ್ರಶ್ನೆಗೆ ಉತ್ತರ: ಹೌದಮ್ಮಾ, ಮುಳುಗುತ್ತದೆ. ನೀರುನಾಯಿ ಮರಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ. ಸುಮಾರು ಎರಡು ತಿಂಗಳು ತುಂಬುವ ತನಕ ಅದು ನೆಲದ ಪ್ರಾಣಿಯೇ. ಆಮೇಲೂ ನೀರು ಕಂಡರೆ ಹಿಂದೆ ಹಿಂದೆ ಸರಿಯುತ್ತದೆ. ತಾಯಿ ಕತ್ತಿನ ಹಿಂದೆ ಕಚ್ಚಿ ಹಿಡಿದು ನೀರಿಗೆ ಎಳೆದುಕೊಂಡು ಹೋಗುತ್ತದೆ. ಮರಿ ಕಿರುಚಾಡಿ ದಂಡೆಗೆ ಓಡಿ ಬರುತ್ತದೆ. ತಾಯಿ ಮತ್ತೆ ಎಳೆಯುತ್ತದೆ. ನಿಮ್ಮ ಗದ್ದೆಯ ಆ ಎರಡಕ್ಕೂ ಸಂಕ್ರಾಂತಿಯ ಹೊತ್ತಿಗೆ ಈ ಪಾಠ ಶುರುವಾಗಬಹುದು. ಬೆಳಗ್ಗೆ ಬೇಗ ಎದ್ದು, ಅಜ್ಜನ ಕೈ ಹಿಡಿದುಕೊಂಡು ದೂರದಿಂದಲೇ ನೋಡು. ಕಂಡರೆ ಈ ಸಲ ಪತ್ರ ನೀನೇ ಬರೆ.

— ಸಂಪಾದಕ