ಮರ್ಡರ್‌ಡಾಲ್ಸ್ ತಂಡದ ಹಾಡುಗಳ ತುಂಬ ಸ್ಮಶಾನ, ಶವಗಳೇ ಇದ್ದರೂ ಅವುಗಳ ಧಾಟಿ ಏಕೆ ಅಷ್ಟು ಉಲ್ಲಾಸದಿಂದ ಕೂಡಿದೆ?

ಕೇಳುಗರನ್ನು ನಿಜವಾಗಿ ಹೆದರಿಸುವುದು ಈ ಅಮೆರಿಕನ್ ರಾಕ್ ತಂಡದ ಉದ್ದೇಶವೇ ಆಗಿರಲಿಲ್ಲ. ಹಳೆಯ ಭಯಾನಕ ಚಲನಚಿತ್ರಗಳನ್ನು ನೋಡುವಾಗ ಸಿಗುವ ರೋಮಾಂಚನವನ್ನೂ ಮೋಜನ್ನೂ ಸಂಗೀತಕ್ಕೆ ತರಲು ಅದು ಬಯಸಿತ್ತು.

ಅದು ಸಾಧ್ಯವಾದದ್ದು ಹಾಡುಗಳ ರಚನೆಯಿಂದ. ವೇಗದ ಲಯ ಮತ್ತು ಕೆಲವೇ ಸ್ವರಗಳ ಸರಳತೆ ಪಂಕ್ ಸಂಗೀತದಿಂದ ಬಂದರೆ, ಗಿಟಾರಿನ ಒರಟು ನಾದ ಮೆಟಲ್ ಎಂಬ ಅಬ್ಬರದ ರಾಕ್ ಪ್ರಕಾರದಿಂದ ಬಂದಿತು. ಸಭೆಯೆಲ್ಲ ಒಟ್ಟಾಗಿ ಕೂಗಿ ಹಾಡಬಹುದಾದ ಪಲ್ಲವಿಗಳನ್ನು ಮಾತ್ರ ತಂಡವು ಗ್ಲಾಮ್‌ನಿಂದ, ಅಂದರೆ ಢಾಳಾದ ಮುಖವರ್ಣಿಕೆ ಮತ್ತು ಅಬ್ಬರದ ವೇಷಭೂಷಣಕ್ಕೆ ಹೆಸರಾದ ರಾಕ್ ಪ್ರಕಾರದಿಂದ, ಪಡೆಯಿತು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದದ್ದು. ಏಕೆಂದರೆ ಕೇಳುಗನು ತಾನೇ ದನಿಗೂಡಿಸಿದ ಕೂಡಲೇ ಸಾಹಿತ್ಯದಲ್ಲಿರುವ ರಕ್ತಪಾತವು ಬೆದರಿಕೆಯಾಗಿ ಉಳಿಯದೆ ರಂಗದ ಮೇಲಿನ ಆಟವಾಗುತ್ತದೆ. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಭಯಾನಕ ರಸವು ಹಾಸ್ಯ ರಸಕ್ಕೆ ಅಂಗವಾಗಿ, ಅಂದರೆ ಅದನ್ನು ಪೋಷಿಸುವಂತೆ, ನಿಲ್ಲುತ್ತದೆ.

ಸ್ಲಿಪ್‌ನಾಟ್ ಎಂಬ ಮೆಟಲ್ ತಂಡದಲ್ಲಿ ಮುಖವಾಡ ಧರಿಸಿ ಡ್ರಮ್ ನುಡಿಸುತ್ತಿದ್ದ ಜೋಯಿ ಜಾರ್ಡಿಸನ್ ಇಲ್ಲಿ ಗಿಟಾರ್ ಹಿಡಿದರು. ಗಾಯಕ ವೆನ್ಸ್‌ಡೇ 13 ಅವರು ತಮ್ಮ ಹಿಂದಿನ ತಂಡದಲ್ಲಿಯೇ ಇಂತಹ ಹಾಡುಗಳನ್ನು ಬರೆದಿದ್ದರು. ಅವುಗಳಲ್ಲಿ ಹಲವು 2002ರ ಮೊದಲ ಆಲ್ಬಮ್‌ನಲ್ಲಿ ಹೊಸ ರೂಪದಲ್ಲಿ ಮೂಡಿಬಂದವು. 2010ರ ಎರಡನೆಯ ಆಲ್ಬಮ್ ಹೆಚ್ಚು ಕಠೋರವಾಗಿದ್ದು, ಅದರಲ್ಲಿ ಮೆಟಲ್‌ನ ಪಾಲು ಹಿರಿದಾಗಿದೆ. ಆದ್ದರಿಂದ ಈ ಉಲ್ಲಾಸವನ್ನು ಅರಿಯಬಯಸುವವರು ಮೊದಲ ಆಲ್ಬಮ್ ಅನ್ನೇ ಕೇಳಬೇಕು.